ಕಾಗವಾಡದ ಬಸದಿ ನೋಡಲು ಹೋದ ದಿನ

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೊದಲು ಬೇರೆಯವರ ಗಾಡಿ ತೊಳೆದೆ, ಆಮೇಲೆ ಓಡಿಸಿದೆ, ಈಗ ಸ್ವಂತ ಜೀಪಿದೆ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಹಾಗಾಗಿ ಕೆಲಸಕ್ಕೆಂದು ಬಂದವರು ಊರೂರು ನೋಡುತ್ತ ತಿರುಗಿದರೆ ನನಗೆ ಅನುಮಾನ.

ಪರದೇಶದ ಆ ಡಾಕ್ಟರಬಾಯಿ ನಿಪ್ಪಾಣಿಗೆ ಬಂದದ್ದು ತಂಬಾಕು ಹಸನು ಮಾಡುವ ವಖಾರುಗಳಲ್ಲಿ ದುಡಿಯುವ ಹೆಂಗಸರ ಉಸಿರು ಪರೀಕ್ಷೆ ಮಾಡಲು. ಸಂಶೋಧನೆ ಅಂದಳು. ಅವಳಿಗೆ ಜೀಪು ನನ್ನದೇ. ಪುಣೆಯಲ್ಲಿ ಕಲಿತ ಅರೆಬರೆ ಮರಾಠಿ ಅವಳದು. ಹೆಂಗಸರಿಗೆ ತಿಳಿಯದ್ದನ್ನು ನಾನು ಬಿಡಿಸಿ ಹೇಳುತ್ತಿದ್ದೆ. ನನ್ನ ಮಾತಿನ ಮೇಲೆ ಅವರು ಆ ಕೊಳವೆಯನ್ನು ಬಾಯಿಗಿಟ್ಟು ಊದುತ್ತಿದ್ದರು. ರಜೆ ಬಂತೆಂದರೆ ಬಾಯಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟಳೇ. ಸ್ತವನಿಧಿ ಆಯಿತು, ಯಡೂರು ಆಯಿತು. ಸದಲಗಾದ ಹತ್ತಿರ ದೂಧಗಂಗೆಯಲ್ಲಿ ಬಿದ್ದುಕೊಂಡ ಎಮ್ಮೆಗಳನ್ನೂ ಬಿಡಲಿಲ್ಲ.

"ಈಕಿ ಉಸಿರ ನೋಡಾಕ ಬಂದಾಳೋ, ಊರ ನೋಡಾಕ ಬಂದಾಳೋ," ಎಂದು ಮನೆಯಲ್ಲಿ ಗೊಣಗಿದೆ.

"ಯಾಕ, ದುಡಿಯಾವರಿಗೆ ಕಣ್ಣ ಇರಬಾರದೇನ್ರಿ?" ಎಂದಳು ಹೆಂಡತಿ. ಎಂದವಳೇ ಕೆಮ್ಮಿದಳು. ಅವಳೂ ಅದೇ ವಖಾರಿನಲ್ಲಿ ತಂಬಾಕು ಜರಡಿ ಹಿಡಿಯುವವಳು. ಆ ಕೆಮ್ಮು ನನಗೆ ಗಡಿಯಾರದ ಸದ್ದಿನ ಹಾಗೆ ರೂಢಿಯಾಗಿತ್ತು. ಧೂಳು, ಒಂದಿಷ್ಟು ಬೆಲ್ಲ ತಿನ್ನು ಅನ್ನುತ್ತಿದ್ದೆ.

ಅವಳ ಪಾಳಿ ಬಂದ ದಿನ ಬಾಯಿ ಉಳಿದವರಿಗಿಂತ ಹೆಚ್ಚು ಸಲ ಊದಿಸಿದಳು. ಎಲ್ಲರಿಗೂ ನಕ್ಕು ತಲೆಯಾಡಿಸಿದವಳು ನನ್ನ ಹೆಂಡತಿಗೆ ಏನೂ ಹೇಳಲಿಲ್ಲ. ಹೆಂಗಸರ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಅಲ್ಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಂಜೆ ಬಾಯಿಯ ಫೋನು ಬಂತು: "ಕಾಕಾ, ನಾಳೆ ಕಾಗವಾಡಕ್ಕೆ ಹೋಗೋಣ. ನೆಲದಡಿಯ ಬಸದಿ ನೋಡಬೇಕು. ಕಾಕೂನೂ ಬರಲಿ."

ನಾಳೆ ರಜೆಯಲ್ಲ. ಕೆಲಸದ ದಿನ ಒಂದು ಗಳಿಗೆ ಹಾಳು ಮಾಡದವಳು ಇವಳು. ಬಸದಿ ನೋಡಲು ನನ್ನ ಹೆಂಡತಿ ಯಾಕೆ ಬೇಕು?

ಚಿಕ್ಕೋಡಿ ದಾಟಿ ಅಂಕಲಿಯವರೆಗೂ ನಾನು ಕನ್ನಡಿಯಲ್ಲಿ ಬಾಯಿಯನ್ನೇ ನೋಡಿದೆ. ಕಬ್ಬಿನ ಗಾಡಿ ಬಂದರೂ ಕ್ಯಾಮೆರಾ ಎತ್ತಲಿಲ್ಲ. ಕೃಷ್ಣಾ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿಕೊಟ್ಟೆ, ಆಗಲೂ ಇಲ್ಲ. ಫೋನು ನೋಡುವುದು, ಹೆಂಡತಿಯನ್ನು ನೋಡುವುದು, ಮತ್ತೆ ಫೋನು. ಕಳ್ಳರ ಲಕ್ಷಣ, ಅಂದುಕೊಂಡೆ.

ಬಸದಿಯೊಳಗೆ ಇಳಿದು ಕೈಮುಗಿದೆವು. ಮೇಲೆ ಬರುವಾಗ ಹೆಂಡತಿ ಮೆಟ್ಟಿಲ ನಡುವೆಯೇ ಗೋಡೆ ಹಿಡಿದು ನಿಂತಳು. ಬಾಯಿಯೂ ನಿಂತಳು, ಅವಸರ ಮಾಡಲಿಲ್ಲ. ಹೊರಗೆ ಬಂದ ಮೇಲೆ ನನಗೆ ತಡೆಯಲಿಲ್ಲ.

"ಬಾಯಿ, ನೀವ ಬಸದಿ ನೋಡಾಕ ಬಂದಿಲ್ಲ. ಏನ ಮುಚ್ಚಿಟ್ಟೀರಿ? ಸೀದಾ ಹೇಳ್ರಿ."

ಅವಳ ಮುಖ ಕೆಂಪಾಯಿತು. ಮರಾಠಿ ತಡವರಿಸಿತು. ಅವಳು ಹೇಳಿದ್ದು ಇಷ್ಟು: ಕಾಕೂನ ಉಸಿರು ಸರಿಯಿಲ್ಲ, ಪುಪ್ಪುಸ ನೋಡಿಸಬೇಕು. ವಖಾರಿನಲ್ಲಿ ಹೇಳಿದ್ದರೆ ಮುಕಾದಮನ ಕಿವಿಗೆ ಬಿದ್ದು ಪರೀಕ್ಷೆಯೇ ನಿಲ್ಲುತ್ತಿತ್ತು. ಮಿರಜಿನಲ್ಲಿ ಗೊತ್ತಿರುವ ಡಾಕ್ಟರೊಬ್ಬರನ್ನು ಕೇಳಿದ್ದೇನೆ, ಇವತ್ತೇ ನೋಡುತ್ತಾರೆ. ಇಲ್ಲಿಂದ ಹತ್ತಿರ.

"ಮದ್ಲ ಹೇಳಿದ್ರ ಏನಾಗ್ತಿತ್ತು?"

"ನೀವು ಧೂಳು ಅಂತಿದ್ರಿ, ಕಾಕಾ. ಬರ್ತಿರಲಿಲ್ಲ."

ಅವಳಂದದ್ದು ಖರೆ. ಆದರೂ ಸಿಟ್ಟು ಇಳಿಯಲಿಲ್ಲ. ನನ್ನ ಗಾಡಿಯಲ್ಲಿ ಕೂತು, ನನಗೇ ಗೊತ್ತಿಲ್ಲದ ಹಾಗೆ ದಾರಿ ಹಾಕಿದ್ದಳಲ್ಲ. ಮಿರಜಿನ ಆ ಡಾಕ್ಟರ ಎಂಥವನೋ, ಇದರಲ್ಲಿ ಇವಳಿಗೇನು ಲಾಭವೋ. ಇವತ್ತು ಬೇಡ, ಮನೆಗೆ ಹೋಗಿ ವಿಚಾರ ಮಾಡೋಣ ಎನ್ನುವವನಿದ್ದೆ.

"ಉಸಿರ ನಂದ," ಎಂದಳು ಹೆಂಡತಿ. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಇಬ್ಬರೂ ಕೂಡಿ ಜಗಳ ಆಡಾಕತ್ತೀರಿ, ನನಗ ಒಬ್ಬರೂ ಕೇಳವಲ್ರಿ. ಆ ಬಾಯಿ ಸುಳ್ಳ ಹೇಳಿದ್ರ ಹೇಳಲಿ, ಕರಕೊಂಡರ ಬಂದ್ಲು. ನಡೀರಿ, ಮಿರಜ ನೋಡಿ ನಾನೂ ಭಾಳ ದಿನಾತು."

ಗಾಡಿ ಮಿರಜ ಕಡೆ ತಿರುಗಿಸಿದೆ.

ಅಲ್ಲಿಯ ಡಾಕ್ಟರನ ಮುಂದೆಯೂ ನಾನು ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಅವನು ಎದೆಯ ಫೋಟೊ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಗುಣ ಕಾಣುವ ಜಡ್ಡು, ಆದರೆ ತಂಬಾಕಿನ ಕೆಲಸ ಬಿಡಬೇಕು ಎಂದ.

"ಯಾವಾಗಿಂದ?" ಎಂದಳು ಹೆಂಡತಿ.

"ನಿನ್ನೆಯಿಂದಲೇ ಬಿಡಬೇಕಿತ್ತು."

ಮರುದಿನ ಮುಕಾದಮನಿಗೆ ಹೇಳಲು ನಾನೇ ಹೋದೆ. ಮನೆಯಲ್ಲಿ ಎಮ್ಮೆ ಈದಿದೆ, ಹೆಂಡತಿ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದೆ. ಅವನು ಎಲೆ ಅಡಿಕೆ ಜಗಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿನ್ನಿ ಆ ಬಾಯಿ ಜೋಡಿ ಎಲ್ಲಿ ಹೋಗಿದ್ರಿ?"

ಒಳಗೆ ಜರಡಿಗಳ ಸದ್ದು ಕೇಳುತ್ತಿತ್ತು. ಇನ್ನೂ ಕೊಳವೆ ಊದದ ಹೆಂಗಸರು ಬಹಳ ಜನ ಇದ್ದರು. ಮಿರಜಿನ ಮಾತು ಎತ್ತಿದರೆ ನಾಳೆಯಿಂದ ಬಾಯಿಯನ್ನು ಬಾಗಿಲೊಳಗೆ ಬಿಡುವುದಿಲ್ಲ ಇವನು.

"ಕಾಗವಾಡಕ್ಕ," ಎಂದೆ. "ಆಕೀಗೇನು, ಗುಡಿ ಬಸದಿ ನೋಡೂದ ಹುಚ್ಚ. ಕೆಲಸಾ ಕಡಿಮಿ, ತಿರಗಾಟಾ ಜಾಸ್ತಿ."

ಮುಕಾದಮ ನಕ್ಕು ಬಾಗಿಲಿಂದ ಸರಿದ. ಬಾಯಿಯ ಪೆಟ್ಟಿಗೆಯನ್ನು ನಾನೇ ಜೀಪಿನಿಂದ ಇಳಿಸಿ ಒಳಗೆ ಒಯ್ದೆ.