ಅಂಚಿಗೆ ಓಡುತ್ತಿದ್ದ ಚುಕ್ಕಿ

ಆ ಚುಕ್ಕಿಯ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಕಂಪ್ಯೂಟರ್ ಪರದೆಯ ಚುಕ್ಕಿಯ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದರೆ, ನಾನು ಆಗುತ್ತೇನೆ. ನನ್ನದು ಮೂಗಿನ ತುದಿಯಲ್ಲೇ ಕೋಪ. ಸಕಲೇಶಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು; ನನ್ನ ತರಗತಿಯ ಹಿಂದಿನ ಬೆಂಚಿನವರನ್ನು ಕೇಳಿದರೆ ಈ ವಿಷಯ ಇನ್ನೂ ಚೆನ್ನಾಗಿ ಹೇಳುತ್ತಾರೆ.

ವನಗೂರಿನ ಕಡೆಯ ಒಂದು ಗುಡ್ಡದ ಬೆಳೆಗಾರರು ನನ್ನನ್ನು ಕರೆಸಿದ್ದರು. ಆನೆ ಬಂದರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದರ ನಕ್ಷೆ ಬೇಕು, ಅದನ್ನು ನೋಡಿ ಎಲ್ಲರಿಗೂ ಒಟ್ಟಿಗೆ ಮೆಸೇಜ್ ಹೋಗುವ ಪಟ್ಟಿ ಮಾಡಬೇಕು ಎಂದರು. ಜೀಪಿನಲ್ಲಿ ಮನೆಮನೆ ಸುತ್ತಿ ಕೇಳಿದೆ. ಕೊನೆಯ ಮನೆ ಗುಡ್ಡದ ನೆತ್ತಿಯಲ್ಲಿತ್ತು. ಐವತ್ತು ದಾಟಿದ ಒಂಟಿ ಹೆಂಗಸು, ಒಂದೆಕರೆ ಕಾಫಿ, ಎರಡು ಹಸು.

"ಅಕ್ಕಾ, ಆನೆ ಬಂದ್ರೆ ಯಾರಿಗೆ ಫೋನ್ ಮಾಡ್ತೀರಿ?"

"ಫೋನೆಲ್ಲೈತೆ ಕಣವ್ವ? ಇಲ್ಲಿ ಸಿಗ್ನಲ್ಲೇ ಇಲ್ಲ. ಅಗೋ, ಆ ಬಂಡೆ ಮೇಲೆ ನಿಂತ್ಕಂಡು ಕೂಗ್ ಹಾಕ್ತೀನಿ. ಕೆಳಗ್ನೋರು ತಿರುಗಿ ಕೂಗ್ತಾರೆ. ಅಷ್ಟೇಯ."

"ಅವ್ರು ಕೂಗದೇ ಇದ್ರೆ?"

"ಕೂಗೋವರ್ಗೂ ನಾನು ಬಿಡಾಕಿಲ್ಲ. ಮರುಕೂಗು ಬರ್ದೆ ಬಂಡೆ ಇಳಿಯೋ ಹಂಗಿಲ್ಲ, ನಮ್ಮತ್ತೆ ಕಾಲದಿಂದ್ಲೂ ಹಂಗೇಯ. ಅವ್ರಿಗೆ ಗೊತ್ತಾಯ್ತೋ ಇಲ್ವೋ, ನಂಗೆ ಹೆಂಗೆ ತಿಳೀಬೇಕು ಹೇಳು?"

ಹೇಳಿ ನಕ್ಕಳು. ಬೆಲ್ಲದ ಕಾಫಿ ಕುಡಿಸದೆ ಕಳಿಸಲಿಲ್ಲ. ನನ್ನ ಫಾರಂನಲ್ಲಿ ಫೋನಿನ ಕಾಲಂ ಬಿಟ್ಟರೆ ಬೇರೆ ಕಾಲಂ ಇರಲಿಲ್ಲ. ಅಲ್ಲೊಂದು ಅಡ್ಡಗೀಟು ಎಳೆದು ಜೀಪು ಹತ್ತಿದೆ.

ಇಂಥ ನಕ್ಷೆ ಬಿಡಿಸುವ ವಿಧಾನ ಆಗ ನನಗೆ ಬಲು ಇಷ್ಟ. ಪ್ರತಿ ಮನೆಗೆ ಒಂದು ಚುಕ್ಕಿ, ಫೋನ್ ಮಾಡುವವರ ನಡುವೆ ಒಂದು ಗೆರೆ. ಮೊದಲು ಚುಕ್ಕಿಗಳನ್ನು ಹೇಗೆಂದರೆ ಹಾಗೆ ಚೆಲ್ಲುವುದು. ಎಲ್ಲ ಚುಕ್ಕಿಗಳೂ ಒಂದನ್ನೊಂದು ದೂರ ತಳ್ಳುತ್ತವೆ. ಗೆರೆ ಇರುವವು ಮಾತ್ರ, ನಡುವೆ ಸ್ಪ್ರಿಂಗ್ ಕಟ್ಟಿದಂತೆ, ಹತ್ತಿರಕ್ಕೆ ಎಳೆದುಕೊಳ್ಳುತ್ತವೆ. ಈ ತಳ್ಳಾಟ ಎಳೆದಾಟ ನೂರಾರು ಸುತ್ತು ನಡೆದು, ಸುತ್ತಿನಿಂದ ಸುತ್ತಿಗೆ ಹೆಜ್ಜೆ ಸಣ್ಣದಾಗಿ, ಕೊನೆಗೆ ಎಲ್ಲವೂ ನಿಲ್ಲುತ್ತವೆ. ಯಾರಿಗೆ ಯಾರು ಹತ್ತಿರ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಯಾರ ಜಾಗ ಎಲ್ಲಿ ಎಂದು ನಾವು ಹೇಳಿಕೊಡಬೇಕಾಗಿಲ್ಲ.

ಆಕೆಯ ಚುಕ್ಕಿಗೆ ಗೆರೆಯೇ ಇರಲಿಲ್ಲ. ತಳ್ಳುವವರು ಎಲ್ಲರೂ, ಎಳೆದುಕೊಳ್ಳುವವರು ಯಾರೂ ಇಲ್ಲ. ಅದು ಓಡಿತು, ಓಡಿತು, ಅಂಚಿನ ಕಡೆಗೇ ಓಡಿತು. ಅದನ್ನೂ ತೋರಿಸಲು ಹೋಗಿ ಪ್ರೋಗ್ರಾಮು ಉಳಿದ ಮನೆಗಳನ್ನೆಲ್ಲ ಸಾಸಿವೆ ಕಾಳಿನಷ್ಟು ಕುಗ್ಗಿಸಿತು. ಎಲ್ಲ ಚುಕ್ಕಿಗಳನ್ನೂ ನಡುವಿಗೆ ತುಸು ಸೆಳೆಯುವಂತೆ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಅವತ್ತು ತಾಳ್ಮೆ ಇರಲಿಲ್ಲ. "ಹಾಳಾಗಿ ಹೋಗು ಅತ್ಲಾಗೆ" ಎಂದು ಬೈದು ಚುಕ್ಕಿಯನ್ನು ಅಳಿಸಿಬಿಟ್ಟೆ. ನಕ್ಷೆ ತಕ್ಷಣ ಅಂದವಾಗಿ ಅಗಲವಾಗಿ ಕೂತಿತು.

ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆಯಲ್ಲಿದ್ದವರೆಲ್ಲ ಪಟ್ಟಿಗೆ ಸೇರಿದರು. ಮೆಸೇಜಿನ ಮಾತುಗಳನ್ನೂ ನನ್ನ ಕೈಲೇ ಬರೆಸಿದರು: ಆನೆ ಬಂದಿದೆ. ಬಾಗಿಲು ಹಾಕಿಕೊಳ್ಳಿ. ಹೊರಗೆ ಬರಬೇಡಿ, ಕೂಗಬೇಡಿ.

ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಒಂದು ಬೆಳಗ್ಗೆ, ಹಾಲು ಕರೆಯುವ ಹೊತ್ತಿಗೆ, ಆನೆಗಳು ಬಂದವು. ಕೆಳಗಿನ ಮನೆಗಳಿಗೆಲ್ಲ ಮೆಸೇಜ್ ಹೋಯಿತು, ಎಲ್ಲರೂ ಬಾಗಿಲು ಹಾಕಿಕೊಂಡರು. ಮೇಲಿನಿಂದ ಆನೆಗಳನ್ನು ನೋಡಿದ ಆಕೆ ಬಂಡೆ ಹತ್ತಿ ಕೂಗು ಹಾಕಿದಳು. ಮರುಕೂಗು ಬರಲಿಲ್ಲ. ಮತ್ತೆ ಕೂಗಿದಳು. ಹಿಂಡಿನಿಂದ ಬೇರೆಯಾದ ಸಲಗವೊಂದು ಹಿಂದಿನಿಂದ ಬಂತು.

ಕೆಳಗಿನ ಮನೆಯ ಬೆಳೆಗಾರ ಅಂಗಳದ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದು ಇಷ್ಟು: "ಕೇಳುಸ್ತು ಮೇಡಂ. ಅರ್ಧ ಗಂಟೆ ಕೂಗಿದ್ಲು ಪುಣ್ಯಾತ್ಗಿತ್ತಿ. ನಮ್ಗೆ ಮೆಸೇಜ್ ಬಂದ್ಬುಟ್ಟಿತ್ತಲ್ಲ, ಆಯಮ್ಮಂಗೂ ನೀವು ಏನಾರ ಏರ್ಪಾಡು ಮಾಡಿರ್ತೀರಿ, ಯಾಕಿಂಗೆ ಕೂಗ್ತಾಳೆ ಅಂದ್ಕಂಡೆ. ನೀವೂ ಕೂಗಬೇಡಿ ಅಂತ ಬರ್ದಿದ್ರಿ. ಆಮೇಲೆ ನಿಂತೋಯ್ತು. ಸದ್ಯ, ಒಳೀಕೆ ಹೋದ್ಲು ಅಂದ್ಕಂಡೆ ಕಣ್ರೀ."

ಆತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈದಾದರೂ ಬದುಕಿಕೊಳ್ಳುತ್ತಿದ್ದೆ.

ಆಕೆಯ ತಿಥಿ ಮುಗಿದ ಮೇಲೆ ಅವೇ ಮನೆಗಳನ್ನು ಮತ್ತೆ ಸುತ್ತಿದೆ, ಈ ಸಲ ಫಾರಂ ಇಲ್ಲದೆ. ಆಯಮ್ಮನ ಕೂಗು ನಿಮಗೆ ಕೇಳುತ್ತಿತ್ತಾ ಎಂಬುದೊಂದೇ ಪ್ರಶ್ನೆ. ಹದಿನೇಳು ಮನೆಯವರು ಹೌದು ಎಂದರು. ಮರುದಿನ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಆಕೆಯ ಚುಕ್ಕಿಯನ್ನು ಮೂಲೆಯಲ್ಲಿಟ್ಟು, ಹದಿನೇಳು ಗೆರೆ ಎಳೆದು, ಪ್ರೋಗ್ರಾಮು ಓಡಿಸಿದೆ. ಚುಕ್ಕಿ ಸರಸರನೆ ಬಂದು, ಉಳಿದವನ್ನು ಅತ್ತಿತ್ತ ಸರಿಸಿ, ನಟ್ಟನಡುವೆ ನಿಂತಿತು. ನಾನೇನೋ ತಪ್ಪು ಮಾಡಿರಬೇಕು ಎಂದು ಎಲ್ಲವನ್ನೂ ಬೇರೆ ಬೇರೆ ಕಡೆ ಚೆಲ್ಲಿ ಮತ್ತೆ ಓಡಿಸಿದೆ. ಹತ್ತು ಸಲ ಓಡಿಸಿದೆ, ಹತ್ತು ಸಲವೂ ಆಕೆ ನಡುವೆಯೇ ಬಂದು ನಿಂತಳು. ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಈಗ ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗೆ ನನಗೆ ಕೂಗು ಕೇಳುತ್ತದೆ. ಆ ಗುಡ್ಡವೆಲ್ಲಿ, ಸಕಲೇಶಪುರದ ನನ್ನ ಅಡುಗೆಮನೆಯೆಲ್ಲಿ! ಆದರೂ ಒಲೆ ಆರಿಸಿ ಹಿತ್ತಲಿಗೆ ಓಡಿ ಗಂಟಲು ಹರಿಯುವಂತೆ "ಹೂಯ್" ಎನ್ನುತ್ತೇನೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ ಮುಚ್ಚಿಕೊಳ್ಳುತ್ತಾರೆ. ನೋಡಿಕೊಳ್ಳಲಿ, ನನಗೇನು. "ಕೇಳಿಸ್ತು ಅಕ್ಕಾ, ಇಳೀರಿ, ಒಳಗೆ ಹೋಗಿ" ಎನ್ನುತ್ತೇನೆ. ಆಕೆ ಇನ್ನೂ ಕೂಗುತ್ತಲೇ ಇರುತ್ತಾಳೆ.