ಚಿನ್ನದ ನಾಡಿಗೆ ಹೋದ ಭಾವ

ನಮ್ಮ ತಾತನಿಗೆ ಐವತ್ತಾರು ದೇಶಗಳ ಹೆಸರೂ ಬಾಯಿಗೆ ಬರುತ್ತಿತ್ತು. ಎತ್ತಿಗೆ ನೀರು ಕುಡಿಸುವಾಗ, ಹಗ್ಗ ಹೊಸೆಯುವಾಗ, ಹೊಲದ ಬದುವಿನ ಮೇಲೆ ಒಬ್ಬನೇ ನಡೆಯುವಾಗ ಅಂಗ, ವಂಗ, ಕಳಿಂಗ, ಕಾಂಭೋಜ ಎಂದು ಗುನುಗಿಕೊಳ್ಳುತ್ತಿದ್ದ. ಮಳವಳ್ಳಿಗೆ ಎರಡು ಮೈಲಿ ದೂರದ ನಮ್ಮ ಊರಿನಲ್ಲಿ ಅವನು ಹಿಂದೆ ಜಗುಲಿಯ ಮೇಲೆ ಮರಳು ಹರವಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವನು. ಸರ್ಕಾರದ ಶಾಲೆ ಬಂದ ಮೇಲೆ ಮರಳು ಹೋಯಿತು, ದೇಶಗಳು ಉಳಿದುಕೊಂಡವು.

ಬರೀ ಹೆಸರು ಹೇಳಿದರೆ ಅವನಿಗೆ ಸಮಾಧಾನವಿರಲಿಲ್ಲ, ಪ್ರತಿ ಹೆಸರಿಗೂ ಅರ್ಥ ಹೇಳಬೇಕು. ಶಿವನ ಕಣ್ಣಿಗೆ ಸುಟ್ಟುಹೋದ ಕಾಮನ ಅಂಗ ಬಿದ್ದ ಕಡೆ ಅಂಗದೇಶ. ಕುಂತಲವೆಂದರೆ ತಲೆಗೂದಲು, ಆದ್ದರಿಂದ ನಮ್ಮ ಬಡಗಣ ಸೀಮೆ ಭೂಮಿತಾಯಿಯ ಜಡೆ. ಜವೆಗೋಧಿ ಬೆಳೆಯುವುದು ಯವದ್ವೀಪ. ಸಿಂಹ ಇದ್ದದ್ದು ಸಿಂಹಳ. "ಈಗ ಅಲ್ಲಿ ಸಿಂಹ ಇಲ್ವಂತಲ್ಲ ತಾತ" ಎಂದರೆ, "ಹೆಸ್ರು ಇಟ್ಟಾಗ ಇತ್ತು ಕಣ್ಲಾ. ಆಮೇಲೆ ಹೋದ್ರೆ ಹೆಸ್ರು ಏನ್ಮಾಡದು?" ಎನ್ನುತ್ತಿದ್ದ. ನಾನು ಮಾತು ಕಲಿತದ್ದು ಅವನಿಂದ. ಮಳವಳ್ಳಿಯ ಶಾಲೆಯಲ್ಲಿ ಮೇಷ್ಟ್ರಾದ ಮೇಲೂ ಭೂಗೋಳದ ಪಾಠಕ್ಕೆ ನಿಂತರೆ ಪುಸ್ತಕದ ಮಾತಿಗಿಂತ ಮೊದಲು ತಾತನ ಮಾತು ಬರುತ್ತಿತ್ತು.

ಅವನನ್ನು ಎದುರಿಸಿ ನಿಲ್ಲುತ್ತಿದ್ದವರು ಒಬ್ಬರೇ, ಮದ್ದೂರಿನಲ್ಲಿ ಶಿಂಷಾ ಸೇತುವೆಯ ಪಕ್ಕ ಬಸ್ಸು ರಿಪೇರಿ ಮಾಡುತ್ತಿದ್ದ ಸಾಹೇಬರು. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಅವರ ಕೈಕೆಳಗೆ ಕೆಲಸ ಕಲಿತು ಮಳವಳ್ಳಿ ದಾರಿಯ ಬಸ್ಸಿಗೆ ಡ್ರೈವರಾಗಿದ್ದ. ಹಾಗಾಗಿ ಅಕ್ಕನ ಮನೆಗೆ ಹೋಗುವಾಗಲೆಲ್ಲ ನಾನೂ ತಾತನೂ ಸಾಹೇಬರ ಷೆಡ್ಡಿನಲ್ಲಿ ಸ್ವಲ್ಪ ಕೂತು ಏಳುವುದಿತ್ತು. ಪಿರಮಿಡ್ಡುಗಳ ಮಿಶ್ರದೇಶವೆಂದರೆ ಹತ್ತು ಜನಾಂಗ ಬೆರೆತದ್ದು ಎಂದು ತಾತ ಹೇಳಿದ ದಿನ ಸಾಹೇಬರು ಬಸ್ಸಿನ ಅಡಿಯಿಂದಲೇ ನಕ್ಕರು.

"ಬೆರೆತಿದ್ದೂ ಇಲ್ಲ, ಕಲೆತಿದ್ದೂ ಇಲ್ಲ ಮೇಷ್ಟ್ರೆ. ಮಿಸರ್ ಅಂದ್ರೆ ಶಹರ. ನಮ್ಮ ಕಿತಾಬಲ್ಲೇ ಐತೆ."

"ನಿಮ್ಮ ಕಿತಾಬಿಗಿಂತ ಹಿಂದ್ಲು ಹೆಸ್ರು ಸಾಹೇಬ್ರೆ ಅದು."

"ನೀವು ಅಲ್ಲಿ ಓಗಿ ಇಟ್ಟು ಬಂದ್ರಾ?"

ಇಬ್ಬರೂ ಮದ್ದೂರು ಬಿಟ್ಟರೆ ಮೈಸೂರು, ಅದರಾಚೆ ಹೋದವರಲ್ಲ. ಇಡೀ ಪ್ರಪಂಚದ ಗಡಿಯನ್ನು ಹೀಗೆ ಅಲ್ಲೇ ತೀರ್ಮಾನ ಮಾಡಿ, ಸ್ಟೇಷನ್ ಹತ್ತಿರದಿಂದ ವಡೆ ತರಿಸಿ ತಿಂದು ಏಳುತ್ತಿದ್ದರು.

ಯುದ್ಧ ಶುರುವಾಗಿ ಪೆಟ್ರೋಲು ಸಿಕ್ಕದಂತಾಯಿತು. ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸಿ ಗ್ಯಾಸು ಮಾಡುವ ಡ್ರಮ್ಮು ಕಟ್ಟಿದರು. ಅದು ದಿಬ್ಬ ಹತ್ತಲಾರದೆ ಜನ ಇಳಿದು ತಳ್ಳಬೇಕಾಗುತ್ತಿತ್ತು. ಬಸ್ಸುಗಳು ಕಡಿಮೆಯಾದವು, ಭಾವನ ಕೆಲಸವೂ ಹೋಯಿತು. ಲಾರಿ ಓಡಿಸುವವರು ದಂಡಿಗೆ ಬೇಕೆಂದು ಮಂಡ್ಯದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಭಾವ ಹೋಗಿ ಸೇರಿದ. ತರಬೇತಿ ಮುಗಿದ ಮೇಲೆ ಹತ್ತು ದಿನ ರಜೆಯಲ್ಲಿ ಬಂದ. ಮೂಡಲ ದಿಕ್ಕಿಗೆ ಹಡಗು ಹತ್ತಿಸುತ್ತಾರೆ, ಯಾವ ದೇಶ ಎಂದು ಹೇಳುವುದಿಲ್ಲ ಎಂದ.

ಆ ರಜೆಯಲ್ಲಿ ಅವರಿಬ್ಬರೂ ನಮ್ಮೂರಿಗೆ ಬಂದಿದ್ದಾಗ ಅಕ್ಕ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು. "ಇವ್ರು ವಾಪಸ್ ಓಗ್ದೆ ಇದ್ಬುಟ್ರೆ ಏನ್ ಮಾಡ್ತಾರ್ಲಾ? ಇಡ್ಕೊಂಡು ಓಯ್ತಾರಾ? ನಮ್ಮ ಮಾವನ್ನೂ ಕೇಳ್ದೆ, ನಿನ್ ತಮ್ಮನ್ನೇ ಕೇಳವ್ವ, ಓದ್ದೋನು ಅಂದ್ರು. ನೀನು ಬ್ಯಾಡ ಅಂದ್ರೆ ನಾನು ಕಳ್ಸಾಕಿಲ್ಲ."

ನನಗೆ ಇಪ್ಪತ್ತಮೂರು ವರ್ಷ. ಕೇಳುವವರು ಸಿಕ್ಕರೆ ಹೇಳುವ ಚಪಲ. ಕಾದಾಟ ನಡೆಯುತ್ತಿರುವುದೆಲ್ಲ ಪಡುವಲಲ್ಲಿ, ಮಿಶ್ರದ ಮರಳಿನಲ್ಲಿ, ಯವನರ ನಾಡಿನಲ್ಲಿ. ಮೂಡಲ ಸಮುದ್ರದ ಆಚೆ ದಡವೆಲ್ಲ ಹಿಂದಿನ ಕಾಲದಿಂದಲೂ ಸುವರ್ಣಭೂಮಿ. ನಮ್ಮ ವರ್ತಕರು ಹಡಗು ಕಟ್ಟಿಕೊಂಡು ಹೋಗಿ ಬರುತ್ತಿದ್ದದ್ದು ಅಲ್ಲಿಗೇ. ಚಿನ್ನದ ನಾಡು ಎಂದು ಸುಮ್ಮನೆ ಯಾರೂ ಕರೆಯುವುದಿಲ್ಲ. ಅಲ್ಲಿ ನೆಲ ಬಗೆದರೆ ಅನ್ನ. ಹೀಗೆ ಹೇಳುತ್ತಾ ಹೋದೆ. ಅವಳು ಕೊಡ ಸೊಂಟಕ್ಕೆ ಎತ್ತಿಕೊಳ್ಳುವುದನ್ನೂ ಮರೆತು ಕೇಳಿದಳು.

"ಹೆಸ್ರು ಇಟ್ಟೋರು ಸುಳ್ಳು ಇಟ್ಟಿರಾಕಿಲ್ಲ, ಅಲ್ವಾ?"

"ಇಲ್ಲ ಕಣಕ್ಕ" ಎಂದೆ.

ಅವಳು ಕಳುಹಿಸಿದಳು. ನಾನು ಹೇಳಿದ್ದು ಇಷ್ಟೇ, ಅವಳು ನಂಬಿದ್ದೂ ಇಷ್ಟೇ.

ಮೂರು ತಿಂಗಳಿಗೆ ಒಂದು ಕಾಗದ ಬಂತು. ಊರಿನ ಹೆಸರಿದ್ದ ಎರಡು ಕಡೆ ಯಾರೋ ಅಧಿಕಾರಿ ಬ್ಲೇಡಿನಿಂದ ಕೊಯ್ದು ಕಿಟಕಿ ಮಾಡಿದ್ದರು. ಆದರೆ ಕೊನೆಯಲ್ಲಿ ಭಾವ ಬರೆದಿದ್ದ ಸಾಲು ಹಾಗೇ ಉಳಿದಿತ್ತು: "ತಾತನಿಗೆ ತಿಳಿಸಿ, ಅವರು ಹೇಳುತ್ತಿದ್ದ ಚಿನ್ನದ ನಾಡಿನಲ್ಲೇ ಇದ್ದೇನೆ. ಮಳೆ ನಿಲ್ಲುವುದಿಲ್ಲ. ಅನ್ನಕ್ಕೆ ತೊಂದರೆ ಇಲ್ಲ." ಅರ್ಥ ಗೊತ್ತಾಗದೆ ಬಿಟ್ಟುಬಿಟ್ಟವ್ರೆ ಎಂದು ತಾತ ತೊಡೆ ತಟ್ಟಿಕೊಂಡು ನಕ್ಕ. ಸರ್ಕಾರಕ್ಕೆ ಗೊತ್ತಿಲ್ಲದ್ದು ತನಗೆ ಗೊತ್ತಿದೆಯೆಂಬ ಹೆಮ್ಮೆ ಅವನಿಗೆ ಒಂದು ವಾರ ಇಳಿಯಲಿಲ್ಲ. ಅಕ್ಕ ಆ ಕಾಗದವನ್ನು ಅರಿಸಿನದ ಡಬ್ಬಿಯಲ್ಲಿಟ್ಟುಕೊಂಡಳು.

ಆ ಚಳಿಗಾಲದಲ್ಲೇ ಯುದ್ಧ ಮೂಡಲಿಗೆ ಬಂತು. ಮಲಯ ಹೋಯಿತು, ಸಿಂಗಪುರ ಹೋಯಿತು, ಬರ್ಮಾ ಹೋಯಿತು ಎಂದು ಪತ್ರಿಕೆಯಲ್ಲಿ ಒಂದಾದ ಮೇಲೊಂದು ಬಂದವು. ಶಾಲೆಯ ಭೂಪಟದ ಮುಂದೆ ನಿಂತು ನಾನು ಬೆರಳಿಟ್ಟು ನೋಡಿದೆ. ಬರ್ಮಾದಿಂದ ಹಿಡಿದು ಮಲಯದ ತುದಿ, ಅದರಾಚೆಯ ದ್ವೀಪದವರೆಗೂ ತಾತನ ಸುವರ್ಣಭೂಮಿಯೇ. ಒಬ್ಬ ಮನುಷ್ಯ ಕಳೆದುಹೋಗುವುದಕ್ಕೆ ಸಾಕಾಗಿ ಮಿಗುವಷ್ಟು ದೊಡ್ಡ ಹೆಸರು ಅದು.

ಬೇಸಿಗೆಯ ಕೊನೆಗೆ ಸರ್ಕಾರದ ಲಕೋಟೆ ಬಂತು. ಕಾಣೆಯಾಗಿದ್ದಾರೆ, ಹೆಚ್ಚಿನ ವಿಷಯ ತಿಳಿದಿಲ್ಲ. ಓದಿ ಹೇಳಿದವನು ನಾನೇ. "ಕಾಣೆ ಅಂದ್ರೆ ಇಲ್ಲ ಅಂತಲಾ?" ಎಂದು ಅಕ್ಕ ಕೇಳಿದಳು. ಅಲ್ಲ ಎಂದೆ. "ಇದ್ದಾರೆ ಅಂತಲಾ?" ಅದೂ ಅಲ್ಲ ಎಂದೆ.

ಮುಂದಿನ ಮೂರು ವರ್ಷ ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಅಮಲ್ದಾರರ ಕಚೇರಿಯಲ್ಲಿ ಒಂದು ಫಾರಂ ಕೊಟ್ಟರು. ಕೊನೆಯದಾಗಿ ಇದ್ದ ದೇಶ ಯಾವುದು ಎಂದು ಅದರಲ್ಲಿ ಒಂದು ಕಲಮು. ತಾತನ ಮುಂದೆ ಹಿಡಿದೆ. ಅವನು ಬಹಳ ಹೊತ್ತು ನೋಡಿ, "ಇಲ್ಲೇನ್ ಬರೀತೀಯ?" ಎಂದ. ಗುಮಾಸ್ತನಿಗೆ ನಾನು ಭಾವನ ಸಾಲನ್ನೇ ವಿವರಿಸಿದ್ದೆ. ಅವನು ಒಳ್ಳೆಯವನು, ನಗಲಿಲ್ಲ. "ಪುರಾಣದ ಹೆಸರಿಗೆ ಟಪಾಲು ಹೋಗಲ್ಲ ಮೇಷ್ಟ್ರೆ" ಎಂದು ಮೆಲ್ಲಗೆ ಹೇಳಿದ. ಕಡೆಗೆ ಆ ಕಲಮಿನಲ್ಲಿ ಗೊತ್ತಿಲ್ಲ ಎಂದು ಬರೆದೆ. ಅಂದಿನಿಂದ ತಾತ ಎತ್ತಿಗೆ ನೀರು ತೋರಿಸುವಾಗ ಬರೀ ಸಿಳ್ಳು ಹಾಕುತ್ತಿದ್ದ.

ಯುದ್ಧ ಮುಗಿಯಿತು. ಮಂಡ್ಯ ಸೀಮೆಯ ಹುಡುಗರು ಒಬ್ಬೊಬ್ಬರೇ ರೈಲಿಳಿದು ಬರತೊಡಗಿದರು. ಸಾಹೇಬರು ಮದ್ದೂರು ಸ್ಟೇಷನ್ನಿಗೆ ಹೋಗಿ ಖಾಕಿ ಕಂಡವರನ್ನೆಲ್ಲ ತಡೆದು ಕೇಳುತ್ತಿದ್ದರು. ಹಾಗೆ ಒಬ್ಬನನ್ನು ಷೆಡ್ಡಿಗೆ ಕರೆತಂದು ಕೂರಿಸಿ ನನಗೆ ಹೇಳಿ ಕಳುಹಿಸಿದರು. ಮೂಳೆ ಚಕ್ಕಳವಾಗಿದ್ದ ಆ ಸಿಪಾಯಿ ಭಾವನನ್ನು ನೋಡಿದವನಲ್ಲ. ಸಿಂಗಪುರದಲ್ಲಿ ಸೆರೆಸಿಕ್ಕವರನ್ನು ಜಪಾನಿನವರು ಮಂದೆಯಂತೆ ಹಂಚಿಬಿಟ್ಟರು ಎಂದ. ಕೆಲವರನ್ನು ಅಲ್ಲೇ ಇಟ್ಟುಕೊಂಡರು, ಕೆಲವರನ್ನು ದೂರದ ದ್ವೀಪಗಳಿಗೆ ಒಯ್ದರು, ಕೆಲವರನ್ನು ಸಯಾಮಿನ ಕಾಡಿಗೆ ರೈಲುದಾರಿ ಹಾಸಲು.

"ಸಯಾಮಲ್ಲಿ ಲಾರಿ ಡ್ರೈವರು ಯಾರಾದ್ರೂ ಇದ್ರಾ?" ಎಂದು ಸಾಹೇಬರು ಕೇಳಿದರು.

"ಎಲ್ಲಾ ಮಣ್ಣು ಹೊತ್ರು ಸಾಹೇಬ್ರೆ. ಅಲ್ಲಿ ಡ್ರೈವರು ಯಾರು, ಭಟ್ರು ಯಾರು."

ಸಯಾಮ ಎಂದರೆ ಶ್ಯಾಮ, ಕೃಷ್ಣನ ಬಣ್ಣ ಎಂದು ತಾತ ಹೇಳುತ್ತಿದ್ದ. ಯುದ್ಧಕ್ಕೆ ಸ್ವಲ್ಪ ಮುಂಚೆ ಆ ದೇಶ ತನ್ನ ಹೆಸರು ಬದಲಾಯಿಸಿಕೊಂಡಿದ್ದನ್ನೂ, ಹೊಸ ಹೆಸರಿಗೆ ಸ್ವತಂತ್ರರ ನಾಡು ಎಂದು ಅರ್ಥವೆನ್ನುವುದನ್ನೂ ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ಸಿಪಾಯಿಯ ಮುಂದೆ ಅದನ್ನು ಹೇಳಲಿಲ್ಲ. ಅಕ್ಕನ ಮುಂದೆಯೂ ಹೇಳಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಗೌರಿ ಹಬ್ಬಕ್ಕೆ ಎಂದಿನಂತೆ ತವರಿನ ಬಾಗಿನ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಅದು ಗೆಜ್ಜಲಗೆರೆಯ ಪಕ್ಕದ ಹಳ್ಳಿ. ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಕನ್ನಡಿ. ಅಕ್ಕ ಕಣ್ಣಿಗೊತ್ತಿಕೊಂಡು ಒಳಗೆ ಒಯ್ದಳು. ಅವಳ ಮಾವ ನನ್ನನ್ನು ಹಿತ್ತಿಲಿಗೆ ಕರೆದರು. ಕಿರಿಮಗನಿಗೆ ಹೆಣ್ಣು ಗೊತ್ತಾಗಿದೆ, ಹೆಣ್ಣಿನ ಕಡೆಯವರು ದೊಡ್ಡ ಮಗನ ವಿಷಯ ಏನಾದರೂ ಒಂದು ತೀರ್ಮಾನವಾಗಲಿ ಎನ್ನುತ್ತಿದ್ದಾರೆ ಎಂದರು.

"ಈ ಪಕ್ಸಕ್ಕೆ ಅವುನ್ಗೂ ಒಂದು ಎಡೆ ಹಾಕ್ಬುಡ್ಮ ಅಂತವ್ನಿ. ಆರು ವರ್ಸ ಆಯ್ತು ಕಣಪ್ಪ. ಹಸ್ಕೊಂಡು ಎಲ್ಲೆಲ್ಲಿ ತಿರುಗ್ತಾವ್ನೋ. ನೀನೂ ಅಮಾಸೆಗೆ ಬಾ."

ಪಿತೃಪಕ್ಷದ ಎಡೆಯೆಂದರೆ ಏನೆಂದು ನಮ್ಮ ಕಡೆ ಹೇಳಬೇಕಾಗಿಲ್ಲ. ಹೋದವರಿಗೆ ತಲೆಗೊಂದು ಬಾಳೆಯೆಲೆ. ಎಲೆ ಹಾಕಿದರೆಂದರೆ ಮನೆಯವರು ಸತ್ತನೆಂದು ಒಪ್ಪಿಕೊಂಡಂತೆ. ಮರುದಿನ ಅಕ್ಕನ ಬಳೆ, ತಾಳಿ, ಕುಂಕುಮ ಇಳಿಯಬೇಕು. ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಧೂಪ ಹಿಡಿದು ಕರೆಯುವ ಹಿರಿಯ, ಅವರು ಎಲ್ಲಿ ಮಣ್ಣಾದರೋ ಆ ಜಾಗ ಹೇಳಿಯೇ ಕರೆಯಬೇಕು. ಜಾಗ ಹೇಳದಿದ್ದರೆ ಕೂಗು ಮುಟ್ಟುವುದಿಲ್ಲ, ಬಾಗಿಲಲ್ಲಿ ಬೇರೆ ಯಾರೋ ಬಂದು ಕೂರುತ್ತಾರೆ ಎಂದು ಅವರ ನಂಬಿಕೆ.

ಅಕ್ಕ ಮಾವನಿಗೆ ಎದುರಾಡಿದವಳಲ್ಲ. ಅಂದು ಬಾಗಿಲ ಮರೆಯಿಂದಲೇ ಅಂದಳು. "ಹಾಕಿ ಮಾವ. ನಾನು ಬ್ಯಾಡ ಅನ್ನಾಕಿಲ್ಲ. ಎಲ್ಲವ್ರೆ ಅಂತ ಹೇಳಿ ಕರೀರಿ, ಬಳೆ ನಾನೇ ತೆಗೀತೀನಿ."

ಅವರು ನನ್ನ ಕಡೆ ತಿರುಗಿದರು. "ಅದ್ಕೇ ನಿನ್ನ ಕರ್ದಿರಾದು. ದೇಸದ ಹೆಸ್ರು ನೀನು ತಂದುಕೊಡು."

ಊರಿಗೆ ಬಂದು ತಾತನಿಗೆ ಹೇಳಿದೆ. ಅವನಿಗೆ ಆಗ ಕಣ್ಣು ಮಂಜು, ಕಿವಿ ಚುರುಕು. ಯಾವುದಾದರೂ ಒಂದು ಹೆಸರು ಹೇಳಿಬಿಡಲೇ, ಸಯಾಮ ಎಂದೇ ಹೇಳಲೇ ಎಂದು ಕೇಳಿದೆ. "ಒಂದ್ಸಾರಿ ಹೇಳಿದ್ದು ಸಾಲ್ದಾ?" ಎಂದ. ಬೈದದ್ದಲ್ಲ. ನನ್ನ ಕೈ ತಡಕಿ ಹಿಡಿದುಕೊಂಡು ಹಾಗೇ ಕೂತಿದ್ದ.

ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮನೆಯ ನಡುಮನೆಯಲ್ಲಿ ಆರು ಎಲೆ ಹಾಕಿದ್ದರು. ಮುದ್ದೆ, ಬಾಡು, ಶಾವಿಗೆ, ಎಳ್ಳಿನ ಚಿಗಳಿ. ಕೊನೆಯ ಎಲೆಗೆ ಅಕ್ಕನೇ ಬಡಿಸಿದ್ದಳು. ಮಾವ ಧೂಪದ ಬಟ್ಟಲು ಹಿಡಿದು ಶುರು ಮಾಡಿದರು. "ಕೆರೆ ಕೆಳಗಿನ ಗದ್ದೆಯಲ್ಲಿ ಮಲಗಿರೋ ನಮ್ಮಪ್ಪ, ಬಾ, ಉಣ್ಣು. ಹುಣಸೆ ತೋಪಲ್ಲಿ ಮಲಗಿರೋ ನಮ್ಮವ್ವ, ಬಾ, ಉಣ್ಣು." ಐದು ಎಲೆಗಳಿಗೂ ಒಂದೊಂದು ಜಾಗವಿತ್ತು. ಎಲ್ಲವೂ ಆ ಹಳ್ಳಿಯ ಕೂಗಳತೆಯೊಳಗೇ. ಆರನೆಯ ಎಲೆಯ ಮುಂದೆ ನಿಂತು ನನ್ನನ್ನು ನೋಡಿದರು.

ಐವತ್ತಾರು ಹೆಸರೂ ನನಗೆ ನೆನಪಿದ್ದವು. ಬಾಯಿ ತೆರೆದೆ. ಅಕ್ಕ ಗೋಡೆಗೆ ಒರಗಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನಾನು ಹೇಳುವುದನ್ನು ಕೇಳಲು ಸಿದ್ಧಳಾಗಿ ಕೂತಿದ್ದಳು. ನಾನು ಏನು ಹೇಳಿದರೂ ಅವಳು ನಂಬುತ್ತಿದ್ದಳು. 

"ಗೊತ್ತಿಲ್ಲ ಕಣಕ್ಕ" ಎಂದೆ.

ಮಾವ ಧೂಪ ಕೆಳಗಿಡಲೂ ಇಲ್ಲ, ಕರೆಯಲೂ ಇಲ್ಲ. ಹೊಗೆ ಅವರ ಮುಖಕ್ಕೇ ಸುತ್ತಿಕೊಳ್ಳುತ್ತಿತ್ತು. ಬಟ್ಟಲಿನ ಕೆಂಡ ಬೂದಿಯಾಯಿತು. ಆಮೇಲೆ ಅಕ್ಕ ಎದ್ದು ಬಂದು ಆ ಆರನೆಯ ಎಲೆಯನ್ನು ತನ್ನ ಕಡೆ ಎಳೆದುಕೊಂಡು ಕೂತಳು.

"ಏನವ್ವ ಇದು?" ಎಂದರು ಮಾವ.

"ದಿನಾ ಅವ್ರು ಉಂಡ ಎಲೇಲೇ ಅಲ್ವಾ ಮಾವ ನಾನು ಉಣ್ತಿದ್ದಿದ್ದು" ಎಂದು ಮುದ್ದೆ ಮುರಿದಳು.

ಹೋದವರ ಎಡೆಯನ್ನು ಕಾಗೆ ಮುಟ್ಟುವ ಮೊದಲು ಯಾರೂ ಮುಟ್ಟಕೂಡದು. ಅಂದು ಅವಳನ್ನು ಯಾರೂ ತಡೆಯಲಿಲ್ಲ. ಅವಳ ಬಳೆಗೂ ಯಾರೂ ಕೈ ಹಾಕಲಿಲ್ಲ. ಕಿರಿಮಗನ ಆ ಸಂಬಂಧ ಮುರಿದುಬಿತ್ತು, ಅವನಿಗೆ ಬೇರೆ ಕಡೆ ಮದುವೆಯಾಯಿತು. ಮಾವ ಇರುವವರೆಗೂ ಪ್ರತಿ ವರ್ಷ ಆ ಎಲೆಯನ್ನು ಹಾಕುತ್ತಿದ್ದರು. ಉಳಿದವರನ್ನೆಲ್ಲ ಕರೆದು, ಅದರ ಮುಂದೆ ಧೂಪ ಹಿಡಿದು ನಿಂತು, ಹೊರಗೆ ಹೋಗಿಬಿಡುತ್ತಿದ್ದರು. ಅಕ್ಕ ಕೂತು ಉಣ್ಣುತ್ತಿದ್ದಳು. ಅವಳು ಉಂಡು ಏಳುವವರೆಗೂ ನಾನು ಎದುರಿಗೆ ಕೂತಿರುತ್ತಿದ್ದೆ.