ಡೈರಿ ಪುಷ್ಪಮ್ಮನ ಮೂರು ಮರಿಗಳು

ಪುಷ್ಪಮ್ಮನನ್ನು ಹೊಗಳಿ ಬರೆಯುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆ ಮೂರು ಬೆಕ್ಕಿನ ಮರಿಗಳನ್ನು ಅವರ ಡೈರಿ ಮೆಟ್ಟಿಲ ಮೇಲೆ ಬಿಟ್ಟುಬಂದ ಪುಣ್ಯಾತ್ಮ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸ್ವಲ್ಪ ಹಗುರ.

ಹಗರೆಯಿಂದ ಒಳಗೆ ಎರಡು ಮೈಲಿ ನಮ್ಮೂರು. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಹಾಲಿನ ಡೈರಿ ಬಾಗಿಲು ತೆಗೆದು ಅಳತೆಗೆ ನಿಲ್ಲುವವರು ಪುಷ್ಪಲತಾ, ಊರಿಗೆಲ್ಲ ಪುಷ್ಪಮ್ಮ. ಒಮ್ಮೆ ನನ್ನ ಹಾಲಿಗೆ ನೀರು ಬಿದ್ದಿದೆ ಎಂದು ಎಲ್ಲರ ಮುಂದೆ ಕ್ಯಾನು ವಾಪಸ್ ಕೊಟ್ಟರು. ನೀರು ಬಿದ್ದಿದ್ದು ನಿಜ. ಆದರೂ ಸಿಟ್ಟಿಗೆ ಒಂದು ತಿಂಗಳು ನಾನು ಡೈರಿ ಕಡೆ ತಲೆ ಹಾಕಲಿಲ್ಲ. ಅದಾದ ಮೇಲೆ ನನ್ನ ಹಸುವಿನ ಕರು ಸತ್ತು ಹಸು ಹಾಲು ಬಿಡದೆ ನಿಂತಾಗ, ಅದೇ ಪುಷ್ಪಮ್ಮ ಯಾರದೋ ತಬ್ಬಲಿ ಕರುವನ್ನು ಹೊಡೆದುಕೊಂಡು ಬಂದರು. ಉಪ್ಪು ಬೆರೆಸಿದ ಬೂಸಾವನ್ನು ಕರುವಿನ ಮೈಗೆಲ್ಲ ಸವರಿ ಹಸುವಿನ ಮುಂದೆ ನಿಲ್ಲಿಸಿದರು. ಹಸು ಉಪ್ಪಿನ ಆಸೆಗೆ ನೆಕ್ಕಿತು. ಮೂರನೇ ದಿನಕ್ಕೆ ಅದು ತನ್ನದೇ ಕರು ಎಂದುಕೊಂಡಿತು. ಬಿಕ್ಕೋಡಿನ ತವರುಮನೆಯಲ್ಲಿ ಕಲಿತ ವಿದ್ಯೆಯಂತೆ.

ಕಳೆದ ಆಷಾಢದಲ್ಲಿ ನಮ್ಮ ಹುಲ್ಲಿನ ಬಣವೆಯ ಸಂದಿಯಲ್ಲಿ ಯಾವುದೋ ಬೀದಿ ಬೆಕ್ಕು ಮೂರು ಮರಿ ಹಾಕಿತ್ತು. ಮರಿಗಳು ಆಗಷ್ಟೇ ತಟ್ಟೆಯ ಹಾಲು ನೆಕ್ಕಲು ಕಲಿಯುವಷ್ಟರಲ್ಲಿ ತಾಯಿ ಮೇನ್ ರೋಡಿನಲ್ಲಿ ಬಸ್ಸಿಗೆ ಸಿಕ್ಕಿ ಸತ್ತಿತು. ನಾಯಿ ಇರುವ ಮನೆಯಲ್ಲಿ ಬೆಕ್ಕಿನ ಮರಿ ಉಳಿಯುವುದುಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ಬುಟ್ಟಿಯಲ್ಲಿ ಹೆಂಡತಿಯ ಹಳೇ ಹಸಿರು ಸೀರೆಯ ತುಂಡು ಹಾಸಿ ಮರಿಗಳನ್ನಿಟ್ಟು, ಮಧ್ಯಾಹ್ನ ಡೈರಿ ಮುಚ್ಚಿರುವ ಹೊತ್ತು ನೋಡಿ ಮೆಟ್ಟಿಲ ಮೇಲಿಟ್ಟು ಬಂದೆ. ಪುಷ್ಪಮ್ಮನ ಮನೆಯಲ್ಲೂ ಕರಿಯನೆಂಬ ನಾಯಿ, ಗೌರಿಯೆಂಬ ಮುದಿ ಬೆಕ್ಕು ಇವೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ.

ಅವರು ಮರಿಗಳನ್ನು ಮನೆಗೊಯ್ದರು. ತೊಂದರೆ ಶುರುವಾದದ್ದು ಅಲ್ಲಿಂದ. ಗೌರಿ ಅವರ ಅತ್ತೆ ಶಿವಗಂಗಮ್ಮನ ಜೀವ. ಆ ಅಜ್ಜಿಗೆ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ನಡುಮನೆಯ ಮಂಚದ ಮೇಲೆ ಕೂತು ದಿನ ಕಳೆಯುವ ಆಕೆಯ ತೊಡೆಯೇ ಗೌರಿಯ ಜಾಗ. ಮರಿಗಳನ್ನು ಕಂಡ ಗೌರಿ ಒಮ್ಮೆ ಬುಸುಗುಟ್ಟಿ ಹೊರಗೆ ಹಾರಿದ್ದು, ಮತ್ತೆ ಹೊಸಿಲು ದಾಟಲಿಲ್ಲ. ಪಕ್ಕದ ಕೊಟ್ಟಿಗೆಯ ಹೆಂಚಿನ ಮೇಲೆ ಕೂತು ನೋಡುತ್ತಿತ್ತು.

ಮರುದಿನ ಏನೋ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಶಿವಗಂಗಮ್ಮ ಊಟದ ತಟ್ಟೆ ದೂಡಿ ಕೂತಿದ್ದರು.

"ಎಲ್ಲಿಂದಲೋ ಬಂದವಕ್ಕೋಸ್ಕರ ನನ್ನ ಗೌರೀನ ಓಡಿಸ್ದೆ ಕಣೇ ಪುಷ್ಪಿ. ಭಾನುವಾರದೊಳಗೆ ಅದು ಮನೆ ಸೇರ್ಲಿಲ್ಲ ಅಂದ್ರೆ ಇವನ್ನ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ."

"ಎಲ್ಲಿಂದ ಬಂದ್ವೋ ನಂಗೇನು ಗೊತ್ತು ಅತ್ತೆ?" ಎಂದು ಪುಷ್ಪಮ್ಮ ನನಗೆ ಕಾಫಿ ಕೊಟ್ಟರು. ನಾನು ಲೋಟದೊಳಗೇ ನೋಡುತ್ತಾ ಕುಡಿದೆ.

ಆಮೇಲೆ ದಿನವೂ ಹೋಗತೊಡಗಿದೆ. ಶುಕ್ರವಾರ ನನ್ನ ಮುಂದೆಯೇ ಅವರು ತವರಿನ ವಿದ್ಯೆ ತೆಗೆದರು. ಉಪ್ಪಿನ ಬದಲು ಬೆಣ್ಣೆ. ಮೂರೂ ಮರಿಗಳಿಗೆ ತಲೆಯಿಂದ ಬಾಲದವರೆಗೆ ಬೆಣ್ಣೆ ಸವರಿ, ಗೌರಿಗೆ ಕಾಣುವಂತೆ ಹಿತ್ತಿಲ ಕಟ್ಟೆಯ ಮೇಲೆ ಬಿಟ್ಟರು. ಗೌರಿ ಮೂಗು ಅರಳಿಸಿ ಒಂದೊಂದೇ ಹೆಜ್ಜೆ ಇಳಿದು ಬರುತ್ತಿತ್ತು. ಅಷ್ಟರಲ್ಲಿ ಎಲ್ಲಿದ್ದನೋ ಕರಿಯ, ಓಡಿಬಂದು ಮೂರನ್ನೂ ನೆಕ್ಕಿ ನುಣ್ಣಗೆ ಮಾಡಿಬಿಟ್ಟ. ಮರಿಗಳು ಅವನ ಹೊಟ್ಟೆಯ ಬೆಚ್ಚಗೆ ಸೇರಿಕೊಂಡವು. ಗೌರಿ ಹಿಂತಿರುಗಿ ನೋಡದೆ ಹೆಂಚು ಹತ್ತಿತು.

ನಾನು ನಕ್ಕುಬಿಟ್ಟೆ. ಪುಷ್ಪಮ್ಮ ನಗಲಿಲ್ಲ.

"ತಪ್ಪು ನಂದೇ ಗಂಗಣ್ಣ. ಹಸೂನ ಅದರ ಗೂಟದಲ್ಲೇ ಕಟ್ಟಿ ಆಮೇಲೆ ಕರು ಬಿಡ್ಬೇಕು. ಕಟ್ಟೆ ಮೇಲೆ ಬಿಟ್ರೆ ಏನು ಬಂತು? ಗೌರಿ ಗೂಟ ಇರೋದು ಒಳಗೆ."

ಶನಿವಾರ ಬೆಣ್ಣೆ ಬಟ್ಟಲನ್ನೂ ಮರಿಗಳನ್ನೂ ಅತ್ತೆಯ ಮಂಚದ ಮೇಲಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅತ್ತೆ, ಗೌರಿಗೆ ನಿಮ್ಮ ಕೈ ವಾಸನೆ ಬೇಕು. ನೀವೇ ಇವಕ್ಕೆ ಬೆಣ್ಣೆ ಸವರಿ."

"ನಾನಾ? ನಾನು ಮುಟ್ಟಾಕಿಲ್ಲ."

"ಬ್ಯಾಡ ಬಿಡಿ. ನಾಳೆ ಬಿಟ್ಟು ಬತ್ತೀನಿ. ಹೊರಗೆ ಕರಿಯ ಕಾಯಾಕಿಲ್ಲ, ಉಳಿದ್ರೆ ಉಳ್ಕಂತವೆ."

ಅಜ್ಜಿ ಅಂಗೈ ಚಾಚಿದರು. ಪುಷ್ಪಮ್ಮ ಎಲ್ಲಕ್ಕಿಂತ ಚಿಕ್ಕದನ್ನು ಆ ಅಂಗೈಗಿಟ್ಟರು. ಬೆಣ್ಣೆ ಹಚ್ಚುತ್ತಿದ್ದ ಬೆರಳು ಮರಿಯ ಪಕ್ಕೆಯ ಮೇಲೆ ನಿಂತಿತು.

"ಅಯ್ಯೋ, ಎಲುಬು ಎಣಿಸ್ಬೋದಲ್ಲೇ! ಹೊಟ್ಟೆಗೇನೂ ಹಾಕಿಲ್ವೇನೇ ಇದಕ್ಕೆ?"

ಪುಷ್ಪಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಬೆಕ್ಕಿಗಿಂತ ಮೊದಲು ಒಲಿಯಬೇಕಾಗಿದ್ದವರು ಯಾರೆಂದು ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಅವರನ್ನು ಬರೀ ಹಾಲು ಅಳೆಯುವ ಹೆಂಗಸು ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಗೌರಿ ಹೊಸಿಲ ಮೇಲೆ ಬಂದು ನಿಂತಿತು. ಅಜ್ಜಿ "ಗೌರೀ" ಎಂದರು. ಹಾರಿ ತೊಡೆಗೆ ಬಂದರೆ ಅಲ್ಲಿ ಜಾಗವಿಲ್ಲ, ಮೂರು ಮರಿ ಮಲಗಿವೆ. ಗೌರಿ ಅಜ್ಜಿಯ ಬೆಣ್ಣೆಗೈ ಮೂಸಿ ನೆಕ್ಕಿತು. ಅದೇ ನಾಲಿಗೆ ಹಾಗೇ ಪಕ್ಕದ ಮರಿಯ ತಲೆಗೂ ಹೋಯಿತು. ಇನ್ನೊಂದಕ್ಕೆ ಪಂಜದಿಂದ ಒಂದೇಟು ಬಿತ್ತು, ಅದು ಯಜಮಾನಿಕೆ ತೋರಿಸಲು ಇರಬೇಕು. ಆಮೇಲೆ ನಾಲ್ಕೂ ಒತ್ತರಿಸಿಕೊಂಡು ಮಲಗಿದವು.

"ಮುದ್ದೆ ತಿರುವಿದ್ರೆ ತಗಂಬಾರೇ ಪುಷ್ಪಿ, ಉಣ್ತೀನಿ," ಎಂದರು ಶಿವಗಂಗಮ್ಮ.

ಹದಿನೈದು ದಿನ ಕಳೆದ ಮೇಲೆ, ಸಂಜೆ ಹಾಲು ಹಾಕಿದ್ದಾಯಿತು. ಪುಷ್ಪಮ್ಮ ಒಗೆದು ಮಡಚಿದ ಹಸಿರು ಬಟ್ಟೆಯೊಂದನ್ನು ನನ್ನ ಕ್ಯಾನಿನ ಪಕ್ಕ ಇಟ್ಟರು. ನನ್ನ ಕ್ಯಾನಿನ ಬಾಯಿಗೆ ದಿನವೂ ಕಟ್ಟಿ ತರುತ್ತಿದ್ದುದು ಅದೇ ಸೀರೆಯ ಇನ್ನೊಂದು ತುಂಡು! ಅದು ನನ್ನ ಮಂದಬುದ್ಧಿಗೆ ಹೊಳೆದೇ ಇರಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದೆ.

"ಅವತ್ತು ಸಂಜೇನೇ."

"ಮತ್ಯಾಕೆ ಹೇಳ್ಲಿಲ್ಲ ಪುಷ್ಪಮ್ಮ?"

"ಹೇಳಿದ್ರೆ ನೀವು ಇನ್ನೊಂದು ತಿಂಗಳು ಈ ಕಡೆ ತಲೆ ಹಾಕ್ತಿರ್ಲಿಲ್ಲ. ದಿನಾ ಬಂದು ಮರಿ ಹೆಂಗವೆ ಅಂತ ನೋಡ್ತಿದ್ರಲ್ಲ, ಅಷ್ಟು ಸಾಕು ಅಂತ ಸುಮ್ಕಿದ್ದೆ." ಹೀಗೆಂದು ಮೇಜಿನ ಕೆಳಗಿನಿಂದ ನನ್ನದೇ ಬುಟ್ಟಿ ಎತ್ತಿಕೊಟ್ಟರು. "ಚಿಕ್ಕದನ್ನ ಅತ್ತೆ ಬಿಡಾಕಿಲ್ಲ. ಇದು ನಿಮ್ಗೆ."

ಒಳಗೆ ಹಳದಿ ಪಟ್ಟೆಯ ಮರಿ, ಹೊಟ್ಟೆ ತುಂಬಿ ಗುಂಡಗಾಗಿತ್ತು. ಒಂದು ಕೈಯಲ್ಲಿ ಖಾಲಿ ಕ್ಯಾನು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಮನೆ ಸೇರಿದೆ. ಹೆಂಡತಿ ಬಾಗಿಲಲ್ಲೇ ತಡೆದಳು.

"ಅಲ್ರೀ, ಮನೇಲಿ ನಾಯಿ ಐತಲ್ಲ?"

"ಇರ್ಲಿ. ಒಂಚೂರು ಬೆಣ್ಣೆ ತಾ," ಎಂದೆ.